ಉಕ್ತಲೇಖನದ ತಪ್ಪು, ಕಿವಿಯ ತೊಡಕು



ಕಾಸರಗೋಡಿನ ಕನ್ನಡ ಶಾಲೆಗಳಿಗೆ ಬರುವ ಮಗುವಿನ ಮನೆಮಾತು ತುಳುವೋ ಕೊಂಕಣಿಯೋ ಮಲಯಾಳವೋ ಆಗಿರಬಹುದು. ಪಾಠದ ಮಾತು ಕನ್ನಡ. ಉಕ್ತಲೇಖನದಲ್ಲಿ ತಪ್ಪುಗಳು ಹೆಚ್ಚಿದಾಗ 'ಮನೆಮಾತು ಬೇರೆಯಲ್ಲವೇ' ಎಂದು ನಾವೆಲ್ಲ ಸಮಾಧಾನ ಹೇಳಿಕೊಳ್ಳುತ್ತೇವೆ. ಹಾಗೆ ತೀರ್ಮಾನಿಸುವ ಮೊದಲು ಮಗುವಿನ ಕಿವಿಯನ್ನೊಮ್ಮೆ ಪರೀಕ್ಷಿಸಿರೆಂಬುದು ವೈದ್ಯರಾದ ನಮ್ಮ ವಿನಂತಿ.

ಮೂಗಿನ ಹಿಂಭಾಗದಿಂದ ನಡುಗಿವಿಗೆ ಸಣ್ಣ ನಾಳವೊಂದಿದೆ. ಮಕ್ಕಳಲ್ಲಿ ಅದು ಗಿಡ್ಡ, ಇಳಿಜಾರೂ ಕಡಿಮೆ. ಶೀತವಾದಾಗ, ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ಊದಿದಾಗ ನಾಳ ಕಟ್ಟಿಕೊಂಡು ನಡುಗಿವಿಯಲ್ಲಿ ದ್ರವ ನಿಲ್ಲುತ್ತದೆ. ಹಲವು ವೇಳೆ ನೋವೂ ಇಲ್ಲ, ಜ್ವರವೂ ಇಲ್ಲ. ಕೇಳಿಸುವುದು ಮಾತ್ರ ಮಂದ. ಮೆಲುದನಿಯ ವ್ಯಂಜನಗಳು ಮೊದಲು ತಪ್ಪಿಹೋಗುತ್ತವೆ. ಬಹುಪಾಲು ಮಕ್ಕಳಲ್ಲಿ ಇದು 3 ತಿಂಗಳೊಳಗೆ ತಾನಾಗಿ ಇಳಿಯುತ್ತದೆ, ಇಳಿಯದಿದ್ದರೆ ಚಿಕಿತ್ಸೆಯುಂಟು.

ಕರಿಹಲಗೆಯನ್ನು ನೋಡಿ ಸರಿಯಾಗಿ ಬರೆದು, ಕೇಳಿ ಬರೆಯುವಾಗ ತಪ್ಪುವ ಮಗು. ಒಂದೇ ಕಿವಿಯನ್ನು ಮುಂದೊಡ್ಡುವ ಮಗು. ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುವ ಮಗು: ಇವರನ್ನು ಗುರುತಿಸಿ ಮುಂದಿನ ಬೆಂಚಿನಲ್ಲಿ ಕುಳ್ಳಿರಿಸಿರಿ, ಶ್ರವಣ ಪರೀಕ್ಷೆಗೆ ಕಳುಹಿಸಿರಿ. ಅದರಲ್ಲಿ ಸೂಜಿಯಿಲ್ಲ, ನೋವಿಲ್ಲ.

ಸೋಂಕು ತಗಲಿದರೆ ಕಿವಿಯ ತಮಟೆ ತೂತಾಗಿ ಕೀವು ಸೋರುವುದುಂಟು. 'ಮಳೆಗಾಲದಲ್ಲಿ ಕಿವಿ ಸೋರುವುದು ಸಹಜ, ದೊಡ್ಡವನಾದಾಗ ನಿಲ್ಲುತ್ತದೆ' ಎಂದು ಸುಮ್ಮನಿರಬಾರದು. ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಹಾಕಬಾರದು. ಅಂಗಡಿಯಿಂದ ತಂದ ಹನಿಮದ್ದೂ ಬೇಡ. ತಮಟೆ ತೂತಾಗಿರುವಾಗ ಕೆಲವು ಹನಿಮದ್ದುಗಳು ಒಳಗಿವಿಗೇ ಹಾನಿ ಮಾಡಬಲ್ಲವು. ಶುಭ್ರವಾದ ಹತ್ತಿಬಟ್ಟೆಯ ಬತ್ತಿಯಿಂದ ಕೀವನ್ನು ಒರಸಿ, ಕಿವಿಯನ್ನು ಒಣದಾಗಿಡಿರಿ. ಸ್ನಾನದ ವೇಳೆ ನೀರು ಹೋಗದಂತೆ ನೋಡಿಕೊಳ್ಳಿರಿ. ಕೆರೆಯ ಈಜು ನಿಲ್ಲಲಿ. ತೂತು ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. 2 ವಾರ ಮೀರಿ ಸೋರಿದರೆ ತಜ್ಞರು ನೋಡಲೇಬೇಕು. ಕೀವು ದುರ್ವಾಸನೆಯದಾದರೆ ಅಷ್ಟೂ ಕಾಯಬಾರದು. ಮೂಳೆ ಸವೆಸುವ ರೋಗವಿರಬಹುದು. ಕಿವಿಯ ಹಿಂದೆ ಬಾವು, ಮುಖ ಸೊಟ್ಟಗಾಗುವುದು, ತಲೆಸುತ್ತು, ತೀವ್ರ ತಲೆನೋವು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ನಡುಗಿವಿಯ ಸೋಂಕೂ ಶ್ರವಣದೋಷವೂ ಸೇರಿವೆ. ಶಾಲೆಗಳು ಅದರ ಪ್ರಯೋಜನ ಪಡೆಯಬೇಕು.

ನೂರು ವರ್ಷಗಳಿಂದ ಈ ಶಾಲೆ ಕನ್ನಡವನ್ನು ಕಲಿಸಿದೆ. ಭಾಷೆ ಮಗುವನ್ನು ಸೇರುವುದು ಮೊದಲು ಕಿವಿಯಿಂದ. ಪ್ರತಿ ಜೂನ್‌ನಲ್ಲಿ ಹಾಜರಿ ಪುಸ್ತಕ ತೆರೆದಾಗ, ಹೆಸರು ಕರೆದರೆ ಓಗೊಡದ ಮಗುವನ್ನು ದಡ್ಡನೆಂದು ಬರೆದುಬಿಡದಿರೋಣ. ಅವನಿಗೆ ಕೇಳಿಸಿತೇ ಎಂದು ಮೊದಲು ವಿಚಾರಿಸೋಣ.