ಕೋಳಿಯ ನೀರಿಗೆ ಬೆರೆಸುವ ಮದ್ದು

(ಯುವಕ ಮಂಡಲದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕೋಳಿ ಸಾಕಣೆಯ ವಿಷಯ ಮಾತನಾಡಿರೆಂದು ಮಂಡಲದವರು ಕೇಳಿದರು. ಶೆಡ್ಡಿನ ಅಳತೆ, ಮರಿಯ ಲೆಕ್ಕ ಇವನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಆದುದರಿಂದ ಬೇರೊಂದು ಪ್ರಶ್ನೆಯನ್ನು ಎತ್ತುತ್ತೇನೆ. ಯಾವ ರೋಗವೂ ಇಲ್ಲದೆ ಚೆನ್ನಾಗಿ ಮೇಯುತ್ತಿರುವ ಕೋಳಿಗೆ ನೀರಿನಲ್ಲೋ ಫೀಡಿನಲ್ಲೋ ಮದ್ದು ಬೆರೆಸುವುದು ಏತಕ್ಕೆ?

"ಬೇಗ ತೂಕ ಬರಲಿ, ರೋಗ ಬಾರದಿರಲಿ" ಎಂದು ತಾವು ಹೇಳುವಿರಿ. ಆ ಮದ್ದು ಅನೇಕ ವೇಳೆ ಆಂಟಿಬಯಾಟಿಕ್. ಮನೆಯಲ್ಲಿ ಬಾಣಂತಿಗೆ ನಂಜೇರಿದಾಗ ಡಾಕ್ಟರು ಕೊಡುವುದೂ ಇದೇ ಜಾತಿಯ ಔಷಧಿಯನ್ನೇ.

ಎಲೆಕೋಸು ಬೆಳೆದವರಿಗೆ ಮುಂದಿನ ಮಾತು ಹೊಸದಲ್ಲ. ಒಂದು ಔಷಧಿಯನ್ನು ಮೊದಲ ಸಲ ಹೊಡೆದಾಗ ಹುಳುವೆಲ್ಲ ಉದುರುತ್ತದೆ. ಸಾಯದೆ ಉಳಿದ ನಾಲ್ಕಾರು ಹುಳುಗಳ ಸಂತಾನವೇ ಹೆಚ್ಚುತ್ತಾ ಹೋಗಿ, ಕೆಲವು ವರ್ಷದ ಮೇಲೆ ಎರಡು ಪಾಲು ಹೊಡೆದರೂ ಹುಳು ಜಗ್ಗುವುದಿಲ್ಲ. ಕೋಳಿಯ ಕರುಳಿನ ರೋಗಾಣುಗಳಲ್ಲಿ ನಡೆಯುವುದೂ ಇದೇ. ಹುಳುವಿಗೆ ವರ್ಷಗಳು ಬೇಕು. ಅನುಕೂಲ ಒದಗಿದರೆ ರೋಗಾಣು ಅರ್ಧ ಗಂಟೆಯೊಳಗೆ ಒಂದಿದ್ದದ್ದು ಎರಡಾಗುತ್ತದೆ. ಸಾಲದುದಕ್ಕೆ, ನಾವು ಬಿತ್ತನೆ ಬೀಜವನ್ನು ಕೈಬದಲು ಕೊಡುವಂತೆ, ಅದು ಮದ್ದನ್ನು ತಡೆಯುವ ಶಕ್ತಿಯನ್ನು ಬೇರೆ ಜಾತಿಯ ರೋಗಾಣುವಿಗೂ ದಾಟಿಸಬಲ್ಲದು.

ಕೊಲಿಸ್ಟಿನ್ ಎಂಬ ಔಷಧಿಯ ಕಥೆಯನ್ನು ಕೇಳಿ. ಅದು ಮೂತ್ರಪಿಂಡಕ್ಕೆ ಕೆಡುಕೆಂದು 1970ರ ಸುಮಾರಿಗೆ ವೈದ್ಯರು ಅದನ್ನು ಮನುಷ್ಯರಿಗೆ ಕೊಡುವುದನ್ನು ಬಹುಮಟ್ಟಿಗೆ ಬಿಟ್ಟಿದ್ದರು. ಬೇರೆ ಔಷಧಿಗಳು ಸೋಲತೊಡಗಿದ ಮೇಲೆ ಅದನ್ನೇ ಕಡೆಯ ಅಸ್ತ್ರವೆಂದು ಮತ್ತೆ ಕೈಗೆತ್ತಿಕೊಂಡರು. ಅಷ್ಟರಲ್ಲಿ ಅನೇಕ ದೇಶಗಳಲ್ಲಿ ಅದನ್ನು ಹಂದಿಗೂ ಕೋಳಿಗೂ ತಿನ್ನಿಸುತ್ತಿದ್ದರು. ಚೀನಾ ದೇಶದಲ್ಲಿ 523 ಹಸಿ ಮಾಂಸದ ಮಾದರಿಗಳನ್ನು ಪರೀಕ್ಷಿಸಲಾಗಿ, 78ರಲ್ಲಿ ಕೊಲಿಸ್ಟಿನ್ನಿಗೆ ಜಗ್ಗದ, ಆ ಗುಣವನ್ನು ಇತರ ರೋಗಾಣುಗಳಿಗೂ ದಾಟಿಸಬಲ್ಲ ರೋಗಾಣು ಸಿಕ್ಕಿತೆಂದು 2015ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ರೋಗಿಗಳಲ್ಲೂ ಅದು ಕಂಡುಬಂದಿತ್ತು. 2017ರಲ್ಲಿ ಚೀನಾ ಅದನ್ನು ತೂಕ ಹೆಚ್ಚಿಸಲು ಮೇವಿಗೆ ಬೆರೆಸುವುದನ್ನು ನಿಲ್ಲಿಸಿತು. ಆಮೇಲೆ ಹಂದಿಗಳಲ್ಲೂ ಜನರಲ್ಲೂ ಅಂಥ ರೋಗಾಣು ಕಡಿಮೆಯಾದದ್ದು ಕಂಡುಬಂತು. ನಿಲ್ಲಿಸಿದರೆ ಫಲವುಂಟೆಂಬುದಕ್ಕೆ ಇದೇ ಸಾಕ್ಷಿ. ನಮ್ಮ ಸರಕಾರವೂ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೂ ಅವುಗಳ ಮೇವಿಗೂ ಕೊಲಿಸ್ಟಿನ್ನನ್ನು ನಿಷೇಧಿಸಿತು. ಹಳೆಯ ಪೊಟ್ಟಣವೇನಾದರೂ ಅಟ್ಟದ ಮೇಲಿದ್ದರೆ ಉಪಯೋಗಿಸತಕ್ಕದ್ದಲ್ಲ.

ಕರಾವಳಿಯ ಸೀಗಡಿ ಕೊಳಗಳಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಮದ್ದು ನೀರಿಗೇ ಬೀಳುವುದರಿಂದ ಕಾಲುವೆಯ ಕೆಳಗಿನವನಿಗೂ ಪಾಲು ಬರುತ್ತದೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಎಂಬ ನಿಷಿದ್ಧ ಔಷಧಿಗಳ ಅಂಶ ಸಿಕ್ಕಿತೆಂದು ನಮ್ಮ ದೇಶದ ಸೀಗಡಿಯನ್ನು ಹೊರದೇಶದವರು ತಿರಸ್ಕರಿಸಿದ್ದುಂಟು.

ಇನ್ನು, ಮದ್ದು ನಿಲ್ಲಿಸಿ ಕೆಲವು ದಿನ ಕಾದು ಮಾರಿದರೆ ಸರಿಯಲ್ಲವೇ ಎಂದು ಕೇಳುವವರುಂಟು. ಕಾಯಲೇಬೇಕು. ಚೀಟಿಯಲ್ಲಿ ಎಷ್ಟು ದಿನವೆಂದು ಇರುತ್ತದೆ; ಇಲ್ಲದಿದ್ದರೆ ಮಾಂಸಕ್ಕೆ 28 ದಿನ, ಮೊಟ್ಟೆಗೂ ಹಾಲಿಗೂ 7 ದಿನಕ್ಕೆ ಕಡಿಮೆಯಿಲ್ಲದಂತೆ ಎಂದು 2012ರ ನಿಯಮ ಹೇಳುತ್ತದೆ. ನಲವತ್ತು ದಿನಕ್ಕೆ ಮಾರುವ ಬ್ರಾಯ್ಲರ್ ಕೋಳಿಗೆ 28 ದಿನವೆಂದರೆ ಏನೆಂದು ತಾವೇ ಲೆಕ್ಕ ಹಾಕಿ. ಆದರೆ ಕಾಯುವುದರಿಂದ ಹೋಗುವುದು ಮಾಂಸದಲ್ಲಿ ಉಳಿದ ಔಷಧಿ. ಔಷಧಿಗೆ ಜಗ್ಗದ ರೋಗಾಣು ಕೋಳಿಯ ಕರುಳಿನಲ್ಲೂ ಹಿಕ್ಕೆಯಲ್ಲೂ ಉಳಿದೇ ಇರಬಹುದು. ಅದಕ್ಕೇ ಕೋಳಿಗೊಬ್ಬರವನ್ನು ಹಸಿಯಾಗಿ ಹೊಲಕ್ಕೆ ಚೆಲ್ಲದೆ, ರಾಶಿ ಹಾಕಿ ಕಾವೇರಿ ಚೆನ್ನಾಗಿ ಕೊಳೆತ ಮೇಲೆ ಬಳಸಿ.

ಹಾಗಾದರೆ ಕೋಳಿಯನ್ನು ಸಾಯಲು ಬಿಡಬೇಕೆ? ಖಂಡಿತ ಬೇಡ. ರೋಗ ಬಂದರೆ ಪಶುವೈದ್ಯರನ್ನು ಕರೆಯಿರಿ. ಅವರು ಬರೆದ ಔಷಧಿಯನ್ನು, ಅವರು ಹೇಳಿದಷ್ಟು ದಿನ ಪೂರಾ ಕೊಡಿ. ಕೊಕ್ಕರೆ ರೋಗಕ್ಕೆ ಮಾತ್ರ ಯಾವ ಆಂಟಿಬಯಾಟಿಕ್ಕೂ ನಾಟುವುದಿಲ್ಲ, ಏಕೆಂದರೆ ಅದು ವೈರಸ್ಸಿನಿಂದ ಬರುವಂಥದು. ಕುತ್ತಿಗೆ ತಿರುಚಿದ ಕೋಳಿಗೆ ಅಂಗಡಿಯ ಪುಡಿ ಕುಡಿಸುವುದು ದುಡ್ಡನ್ನು ಹೊಳೆಗೆ ಹಾಕಿದಂತೆ. ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ, ಆಮೇಲೆ ವೈದ್ಯರು ಹೇಳಿದಾಗ ಮತ್ತೆ ಲಸಿಕೆ, ಇದೇ ದಾರಿ. ಶೆಡ್ಡಿನ ಹಾಸು ಒಣಗಿರಲಿ, ಗಾಳಿಯಾಡಲಿ, ಒಂದು ತಂಡ ಹೋದ ಮೇಲೆ ಸುಣ್ಣ ಬಳಿದು ಕೆಲವು ದಿನ ಖಾಲಿ ಬಿಡಿ. ಹೊರಗಿನ ಚಪ್ಪಲಿ ಒಳಗೆ ಬರುವುದು ಬೇಡ.

ಸೋದರಿಯರಿಗೆ ಒಂದು ಮಾತು. ಚೆನ್ನಾಗಿ ಬೇಯಿಸಿದರೆ ಈ ರೋಗಾಣುವೂ ಸಾಯುತ್ತದೆ. ಅಪಾಯವಿರುವುದು ಬೇಯುವುದಕ್ಕೆ ಮೊದಲು. ಬಾಡೂಟದ ದಿನ ಹಸಿ ಮಾಂಸ ಕೊಯ್ದ ಈಳಿಗೆಯಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚಿ ಎಲೆಗೆ ಬಡಿಸುತ್ತೇವೆ. ತರಕಾರಿಯನ್ನು ಮೊದಲೇ ಹೆಚ್ಚಿಟ್ಟುಬಿಡಿ. ಮಾಂಸ ಮುಟ್ಟಿದ ಕೈಯನ್ನೂ ಈಳಿಗೆಯನ್ನೂ ಸೋಪು ಹಾಕಿ ತೊಳೆಯಿರಿ.

ಕಂಪನಿಯ ಕರಾರಿನ ಮೇಲೆ ಸಾಕುವವರ ಕಷ್ಟ ನನಗೆ ಗೊತ್ತು. ಮರಿ ಅವರದು, ಫೀಡು ಅವರದು, ನಮ್ಮದು ಶೆಡ್ಡು ಮತ್ತು ದುಡಿಮೆ. ಒಬ್ಬ ರೈತ ಚೀಲದಲ್ಲಿ ಏನಿದೆಯೆಂದು ಕೇಳಿದರೆ ಮುಂದಿನ ತಂಡದ ಮರಿ ಬರದೇ ಹೋದೀತೆಂಬ ಅಂಜಿಕೆ ಇದ್ದೇ ಇದೆ. ಊರಿನ ಸಾಕಣೆದಾರರೆಲ್ಲ ಕೂಡಿ ಒಂದೇ ಕಾಗದ ಬರೆದು ಕೇಳುವುದು ಮೇಲೆಂದು ನನ್ನ ಅಭಿಪ್ರಾಯ. ಕಾಗದವನ್ನು ನಾನೇ ಬರೆದುಕೊಡುತ್ತೇನೆ.

ಬರುವ ಸೋಮವಾರ ಸಂಜೆ ಪಂಚಾಯಿತಿ ಕಟ್ಟೆಯ ಹತ್ತಿರ ಪಶುವೈದ್ಯರೂ ನಾನೂ ಇರುತ್ತೇವೆ. ತಾವು ಉಪಯೋಗಿಸುವ ಪುಡಿ, ಸೀಸೆ, ಫೀಡಿನ ಚೀಲದ ಚೀಟಿ ಎಲ್ಲವನ್ನೂ ತನ್ನಿ, ಖಾಲಿಯಾಗಿದ್ದರೂ ಆದೀತು. ಒಟ್ಟಿಗೆ ಕುಳಿತು ಓದಿ ನೋಡೋಣ.