ನಿವೃತ್ತಿಯ ನೆಲೆ

ಬೀದರ ಜಿಲ್ಲೆಯ ದುಬಲಗುಂಡಿಯಂತಹ ಗ್ರಾಮದಲ್ಲಿ ಜನಿಸಿ, ಹೈದರಾಬಾದು ಪುಣೆಗಳಲ್ಲಿ ಆಯುಷ್ಯದ ಬಹುಭಾಗವನ್ನು ಉದ್ಯೋಗಕ್ಕೆ ಸವೆಸಿದವರು, ನಿವೃತ್ತಿವೇತನವೊಂದೇ ಆಧಾರವಾದಾಗ, ಮನೆಬಾಡಿಗೆಯ ಭಾರದ ಆ ಮಹಾನಗರಗಳನ್ನು ತೊರೆದು ಹುಮನಾಬಾದಿಗೋ ಬಸವಕಲ್ಯಾಣಕ್ಕೋ ಮರಳುವುದು ವಿವೇಕವೆಂದೇ ನಾನು ಬಗೆಯುತ್ತೇನೆ. ಎರಡೂ ಊರುಗಳಲ್ಲಿ ಕಾಲೇಜುಗಳುಂಟು. 2017ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಪೂರ್ಣಗೊಂಡ ಮೇಲೆ ಹುಮನಾಬಾದಿನಿಂದ ಬೀದರಿನ ಜಿಲ್ಲಾಸ್ಪತ್ರೆಗೆ ಹೋಗುವುದೂ ಸುಗಮವಾಗಿದೆ.

ಆದರೆ ಮಿತವ್ಯಯವೊಂದೇ ಕಾರಣವಾಗಲಾರದು. ವಿಜ್ಞಾನೇಶ್ವರನು ಮಿತಾಕ್ಷರವೆಂಬ ಧರ್ಮಶಾಸ್ತ್ರಗ್ರಂಥವನ್ನು ರಚಿಸಿದ, ಶರಣರು ಅನುಭಾವವನ್ನು ಹಂಚಿಕೊಂಡ ಬಸವಕಲ್ಯಾಣದಲ್ಲಿ, ವೃದ್ಧರು ಸಂಜೆ ಅಲ್ಲಿನ ಕಾಲೇಜು ವಿದ್ಯಾರ್ಥಿಗಳೊಡನೆ ಕುಳಿತು ಗಣಿತವನ್ನೋ ವಚನವನ್ನೋ ವಿಚಾರಿಸುವಂತಾದರೆ, ಅವರ ಏಕಾಕಿತನವೂ ಆ ಮಕ್ಕಳಿಗಿರುವ ಮಾರ್ಗದರ್ಶನದ ಕೊರತೆಯೂ ಒಟ್ಟಿಗೆ ಪರಿಹಾರವಾದಾವು. ಮನೆಯನ್ನು ಕ್ರಯಕ್ಕೆ ಪಡೆಯುವ ಮುನ್ನ ಮಾತ್ರ ಒಂದು ಬೇಸಿಗೆಯನ್ನು ಅಲ್ಲಿ ಬಾಡಿಗೆಗಿದ್ದು ಕಳೆದು, ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುವುದೆಂಬುದನ್ನು ಸ್ವತಃ ಅರಿಯತಕ್ಕದ್ದು.