ಔಷಧ ಸಂಶೋಧನೆ ಮತ್ತು ಜನಸಾಮಾನ್ಯರು



ಔಷಧವಿದ್ದೂ ರೋಗಿಯ ಕೈಗೆ ಎಟುಕದಿದ್ದರೆ ಅದು ಇಲ್ಲದಂತೆಯೇ ಸರಿ. ಮುಂಬಯಿಯ ಪರೇಲ್ ಪ್ರದೇಶದಲ್ಲಿ ಈ ಮಾತಿನ ಸತ್ಯವು ನಿತ್ಯವೂ ಗೋಚರಿಸುತ್ತದೆ. ಅಲ್ಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ದೇಶದ ಎಲ್ಲ ಭಾಗಗಳಿಂದಲೂ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ಕರ್ನಾಟಕದವರೂ ಅವರಲ್ಲಿ ಇದ್ದಾರೆ. ಬಾಡಿಗೆ ಕೊಡಲಾರದೆ ಸಮೀಪದ ಕಾಲುದಾರಿಗಳಲ್ಲಿಯೇ ದಿನ ನೂಕುವ ಕುಟುಂಬಗಳೂ ಉಂಟು.

1896ರಲ್ಲಿ ಇದೇ ನಗರದಲ್ಲಿ ಪ್ಲೇಗ್ ಹಬ್ಬಿದಾಗ ಸರ್ಕಾರವು ವಿಜ್ಞಾನಿ ಹಾಫ್‌ಕಿನ್ ಅವರನ್ನು ಕರೆಸಿತು. ಅವರು ಸಿದ್ಧಪಡಿಸಿದ ಲಸಿಕೆಯನ್ನು 1897ರ ಜನವರಿಯಲ್ಲಿ ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಅವರ ಪ್ರಯೋಗಾಲಯವೇ ಮುಂದೆ ಪರೇಲಿನ ಹಾಫ್‌ಕಿನ್ ಸಂಸ್ಥೆಯಾಯಿತು. ಸಾರ್ವಜನಿಕ ಧನದಿಂದ ನಡೆಯುವ ಸಂಶೋಧನೆಗೆ ಈ ನಗರದಲ್ಲಿ ಶತಮಾನಕ್ಕೂ ಮಿಗಿಲಾದ ಪರಂಪರೆಯಿದೆ.

ಆ ಪರಂಪರೆಯ ಇತ್ತೀಚಿನ ಫಲವೆಂದರೆ ಕಾರ್-ಟಿ ಕೋಶ ಚಿಕಿತ್ಸೆ. ರೋಗಿಯ ರಕ್ತದಿಂದಲೇ ರಕ್ಷಕ ಕೋಶಗಳನ್ನು ಬೇರ್ಪಡಿಸಿ, ಕ್ಯಾನ್ಸರ್ ಕೋಶಗಳನ್ನು ಗುರುತಿಸಿ ನಾಶಮಾಡುವಂತೆ ಅವುಗಳನ್ನು ಪ್ರಯೋಗಾಲಯದಲ್ಲಿ ಮಾರ್ಪಡಿಸಿ, ಮರಳಿ ರೋಗಿಯ ದೇಹಕ್ಕೆ ಸೇರಿಸಲಾಗುತ್ತದೆ. ಇತರ ಚಿಕಿತ್ಸೆಗೆ ಬಗ್ಗದ ಕೆಲವು ಬಗೆಯ ರಕ್ತ ಕ್ಯಾನ್ಸರುಗಳಿಗೆ ಇದು ಆಸರೆಯಾಗಿದೆ. 2021ರಲ್ಲಿ ವಿದೇಶದಲ್ಲಿ ಇದರ ವೆಚ್ಚವು ಒಬ್ಬ ರೋಗಿಗೆ 3ರಿಂದ 4 ಕೋಟಿ ರೂಪಾಯಿಯಷ್ಟಿತ್ತು. ಪೊವಾಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆ ಹಾಗೂ ಟಾಟಾ ಸ್ಮಾರಕ ಕೇಂದ್ರದ ತಜ್ಞರು ಇದನ್ನು ಸ್ವದೇಶದಲ್ಲಿಯೇ ರೂಪಿಸಿದರು. ಮನುಷ್ಯರ ಮೇಲಿನ ಪ್ರಥಮ ಪರೀಕ್ಷೆಗೆ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವು ದೊರೆಯಿತು. 2021ರ ಜೂನ್ 4ರಂದು ಅದು ಟಾಟಾ ಸ್ಮಾರಕ ಕೇಂದ್ರದಲ್ಲಿ ನೆರವೇರಿತು. 2023ರಲ್ಲಿ ಅನುಮೋದನೆ ಲಭಿಸಿ, 2024ರ ಏಪ್ರಿಲ್ 4ರಂದು ರಾಷ್ಟ್ರಪತಿಯವರು ಈ ಚಿಕಿತ್ಸೆಯನ್ನು ಲೋಕಾರ್ಪಣೆ ಮಾಡಿದರು. ವೆಚ್ಚವು ವಿದೇಶದ ದರದ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿದಿದೆ.

ಆದರೆ ಹತ್ತನೆಯ ಒಂದು ಭಾಗವೆಂದರೂ ಅದು ಹಲವು ಲಕ್ಷ ರೂಪಾಯಿಗಳ ಮಾತು. ಕೂಲಿಕಾರನಿಗಾಗಲಿ ಸಣ್ಣ ರೈತನಿಗಾಗಲಿ ಕೋಟಿ ಎಷ್ಟು ದೂರವೋ ಈ ಲಕ್ಷಗಳೂ ಅಷ್ಟೇ ದೂರ. ಆದುದರಿಂದ ಸಂಶೋಧನೆಗೆ ನೀಡುವ ನೆರವು ಔಷಧದ ಆವಿಷ್ಕಾರದೊಂದಿಗೆ ಮುಗಿಯತಕ್ಕದ್ದಲ್ಲ. ಉತ್ಪಾದನಾ ವೆಚ್ಚವನ್ನು ಇನ್ನೂ ತಗ್ಗಿಸುವ ಪ್ರಯೋಗಗಳಿಗೂ ಅದು ವಿಸ್ತರಿಸಬೇಕು. ತೆರಿಗೆಯ ಹಣ ಪಡೆದ ಸಂಶೋಧನೆಯ ಫಲವು ಎಂತಹ ಬೆಲೆಗೆ ಜನರಿಗೆ ದೊರೆಯಬೇಕೆಂಬುದು ಆರಂಭದಲ್ಲಿಯೇ ನಿರ್ಧಾರವಾಗಬೇಕು.

ಇಂತಹ ವೆಚ್ಚವನ್ನು ದಾನವೆಂದು ಎಣಿಸುವುದು ಸಲ್ಲದು. ದುಡಿಯುವ ಕೈಗಳನ್ನು ಉಳಿಸಿಕೊಳ್ಳಲು ರಾಷ್ಟ್ರವು ಹೂಡುವ ಬಂಡವಾಳವಿದು. ಜನರ ಹಣದಿಂದ ಹುಟ್ಟಿದ ಔಷಧವು ಜನರ ಕೈಗೆ ಎಟುಕಿದಾಗಲೇ ಆ ಬಂಡವಾಳ ಸಾರ್ಥಕವಾಗುತ್ತದೆ.